ಕಡಲು ದಾಟುವ ಮೊದಲೇ



ಅಮೆರಿಕದ ಸ್ವಾತಂತ್ರ್ಯ ಸಮರದ ಮೇಲೆ ನಮಗೆ ಮೊದಲಿನಿಂದಲೂ ಮಮತೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬರೆಸಿಕೊಂಡವನು. ಅವನನ್ನು ಸೋಲಿಸಿದವರು ಸಾಮ್ರಾಜ್ಯದ ವೈರಿಗಳೇ ಇರಬೇಕೆಂದು ನಾವು ನಂಬಿದ್ದು ಸಹಜ. ಹಾಗಾಗಿ ನಮ್ಮ ತರಗತಿಗಳಲ್ಲಿ ಅಮೆರಿಕದ ಸಾಮ್ರಾಜ್ಯಶಾಹಿಯ ಪಾಠ ಶುರುವಾಗುವುದು 1898ರ ಸ್ಪೇನ್ ಯುದ್ಧದಿಂದ, ಒಳ್ಳೆಯ ಮನೆತನದ ಹುಡುಗ ನಡುವಯಸ್ಸಿನಲ್ಲಿ ದಾರಿ ತಪ್ಪಿದ ಹಾಗೆ. ಈ ಕಾಲಗಣನೆಯನ್ನು ನಾನು ಒಪ್ಪುವುದಿಲ್ಲ. ಬೇರು ಇರುವುದು ಆ ದೇಶದ ಬಾಲ್ಯದಲ್ಲಿ, ಅದರ ಅತ್ಯುತ್ತಮ ಕಾನೂನುಗಳಲ್ಲಿ.

1785ರ ಭೂ ಕಾಯಿದೆಯನ್ನೇ ನೋಡಿ. ಯುದ್ಧದ ಸಾಲ ತಲೆಯ ಮೇಲಿತ್ತು. ಮಾರಲು ಇದ್ದದ್ದು ಓಹಿಯೊ ನದಿಯಾಚೆಯ ನೆಲ. ಮೋಜಣಿದಾರರು 66 ಅಡಿಯ ಸರಪಳಿ ಹಿಡಿದು ಹೊರಟರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ. ಚೌಕಕ್ಕೆ 36 ತುಂಡು. ತುಂಡಿಗೆ 640 ಎಕರೆ. ಎಕರೆಗೆ ಕನಿಷ್ಠ ಒಂದು ಡಾಲರು. ಇವುಗಳಲ್ಲಿ 16ನೆಯ ತುಂಡನ್ನು ಶಾಲೆಗೆ ಮೀಸಲಿಡಬೇಕಿತ್ತು. ಊರು ಹುಟ್ಟುವ ಮೊದಲೇ ಅದರ ಶಾಲೆಯ ಚಿಂತೆ ಮಾಡಿದ ಈ ಕಾನೂನನ್ನು ಓದುವಾಗ ನನಗೆ ಈಗಲೂ ಗೌರವ ಮೂಡುತ್ತದೆ. ಆದರೆ ಆ ನೆಲದಲ್ಲಿ ಶಾವ್ನಿ, ಮಯಾಮಿ, ಡೆಲವೇರ್ ಜನ ಬದುಕಿದ್ದರು. ಆ ಶಾಲೆಗಳು ಅವರ ಮಕ್ಕಳಿಗೆಂದು ಗುರುತಾದವಲ್ಲ.

1787ರ ಕಾಯಿದೆ ಇನ್ನೂ ಉದಾರವಾಗಿತ್ತು. ಹೊಸ ಪ್ರಾಂತದಲ್ಲಿ ಅರವತ್ತು ಸಾವಿರ ಸ್ವತಂತ್ರ ನಿವಾಸಿಗಳಾದರೆ ಅದು ಹಳೆಯ ರಾಜ್ಯಗಳಿಗೆ ಸರಿಸಮನಾದ ರಾಜ್ಯವಾಗಬಹುದು; ಮೂಲನಿವಾಸಿಗಳ ಒಪ್ಪಿಗೆಯಿಲ್ಲದೆ ಅವರ ನೆಲ ತೆಗೆದುಕೊಳ್ಳುವಂತಿಲ್ಲ. ಮೊದಲ ಮಾತು ನಡೆಯಿತು. ಎರಡನೆಯದು ಎಂಟು ವರ್ಷ ಬಾಳಲಿಲ್ಲ: 1794ರಲ್ಲಿ ಅಮೆರಿಕದ ಸೇನೆ ಅವರನ್ನು ಸೋಲಿಸಿತು, ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಲ್ಲಿ ಓಹಿಯೊದ ಬಹುಭಾಗ ಕೈಬದಲಾಯಿತು. ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಬಡ ರೈತನಿಗೆ ಇದು ಆಕ್ರಮಣವೆಂದು ಅನ್ನಿಸಲೇ ಇಲ್ಲ. ಜಮೀನು, ಮತದ ಹಕ್ಕು, ಸಮಾನತೆ ಒಟ್ಟಿಗೇ ಸಿಗುತ್ತಿದ್ದವು. ಕಿತ್ತುಕೊಳ್ಳುವುದನ್ನೇ ಸ್ವಾತಂತ್ರ್ಯವೆಂದು ಅನುಭವಿಸುವ ಈ ಅಭ್ಯಾಸವನ್ನು ನಾನು ಬೇರು ಎನ್ನುತ್ತೇನೆ.

ಮೂಲನಿವಾಸಿಗಳಾದ ಚೆರೊಕೀ ಜನರ ಕಥೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ನಾಗರಿಕರಾಗಿ ಎಂದು ಸರ್ಕಾರ ಹೇಳಿತು; ಅವರು ತಮ್ಮದೇ ಲಿಪಿ ಕಟ್ಟಿದರು, 1827ರಲ್ಲಿ ಸಂವಿಧಾನ ಬರೆದರು, ಮರುವರ್ಷ ಪತ್ರಿಕೆ ತೆಗೆದರು. ನ್ಯಾಯಾಲಯಕ್ಕೂ ಹೋದರು. 1831ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ದೇಶದೊಳಗಿನ ಪರಾಧೀನ ರಾಷ್ಟ್ರವೆಂದು ಕರೆದು, ಪೋಷಕನ ಕೈಕೆಳಗಿನ ಮಗುವಿನ ಸ್ಥಾನದಲ್ಲಿಟ್ಟಿತು. ಮರುವರ್ಷದ ತೀರ್ಪು ಅವರ ಪರವಾಗಿ ಬಂದರೂ ಅವರ ನೆಲ ಉಳಿಯಲಿಲ್ಲ. ನೆಲ ಬಿಟ್ಟುಕೊಡಲು ಬೆರಳೆಣಿಕೆಯ ಜನ ಸಹಿ ಹಾಕಿದ ಒಪ್ಪಂದವನ್ನು ಸೆನೆಟ್ 1836ರಲ್ಲಿ ಒಂದೇ ಮತದ ಅಂತರದಲ್ಲಿ ಊರ್ಜಿತಗೊಳಿಸಿತು. 1838ರಲ್ಲಿ ಸೈನಿಕರು ಬಂದು ಮನೆಗಳಿಂದ ಎಬ್ಬಿಸಿದರು. ದಾರಿಯಲ್ಲೂ ಶಿಬಿರಗಳಲ್ಲೂ ಸಾವಿರಾರು ಜನ ಸತ್ತರು. ತೆರವಾದ ನೆಲದಲ್ಲಿ ಹತ್ತಿ ಬಂತು, ಹತ್ತಿಯ ಜೊತೆ ಗುಲಾಮಗಿರಿಯೂ ಹರಡಿತು.

ಇದೇ ಅಭ್ಯಾಸ ಮುಂದೆ ಕಡಲು ದಾಟಿತು.

1898ರಲ್ಲಿ ಫಿಲಿಪ್ಪೀನ್ಸ್ ಜನ ಸ್ಪೇನಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಅಮೆರಿಕ ಸ್ಪೇನಿಗೆ ಎರಡು ಕೋಟಿ ಡಾಲರು ಕೊಟ್ಟು ಅವರ ದೇಶವನ್ನೇ ಪಡೆಯಿತು. ಅಲ್ಲಿ ಆ ಜನರ ವಿರುದ್ಧ ಯುದ್ಧಕ್ಕಿಳಿದ ಸೇನಾನಿ ಹೆನ್ರಿ ಲಾಟನ್, 1886ರಲ್ಲಿ ಅಪಾಚೆ ಮುಖಂಡ ಜೆರೊನಿಮೊನನ್ನು ಬೆನ್ನಟ್ಟಿದ್ದವನೇ. 1901ರಲ್ಲಿ ಅದೇ ಸುಪ್ರೀಂ ಕೋರ್ಟ್, ಸ್ಪೇನಿನಿಂದಲೇ ಕೈಸೇರಿದ ಪೋರ್ಟೊ ರಿಕೊ ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ ಎಂದಿತು. 1787ರ ಸಮಾನತೆಯ ಭರವಸೆ ಇಲ್ಲಿ ಕೈಬಿಟ್ಟುಹೋಯಿತು. 1831ರ ಪೋಷಕ ಉಳಿದುಕೊಂಡ. ಆ ದ್ವೀಪದ ಜನ 1917ರಿಂದ ಅಮೆರಿಕದ ಪೌರರು. ಆದರೂ ತಮ್ಮ ನೆಲದಲ್ಲಿ ನೆಲೆಸಿರುವಷ್ಟು ಕಾಲ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ನಾಳೆಯ ಚರ್ಚೆಯಲ್ಲಿ 1831 ಮತ್ತು 1901ರ ಈ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕೆಂದು ಪ್ರಬಂಧಕಾರರನ್ನು ಕೋರುತ್ತೇನೆ.