ಸೇನಾಪತಿಯ ಸರದಿ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆ ಅಡಿಕೆ ತೋಟಗಳ ಸೀಮೆ. ಕೊಡಗಿನಂತೆ ಯೋಧರ ನಾಡೆಂದು ಇದು ಹೆಸರಾದುದಲ್ಲ. ಆದರೂ ಸೇನಾಪತಿಯ ಪಟ್ಟವೆಂದರೇನೆಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಮಳೆಗಾಲದ ರಾತ್ರಿಗಳಲ್ಲಿ ಜಗಲಿಯ ಮೇಲೆ ಕುಳಿತು ತಾಳಮದ್ದಳೆ ಕೇಳಿ ಬೆಳೆದವರು ನಾವು. ಭೀಷ್ಮನಿಗೆ ಹತ್ತು ದಿನ, ದ್ರೋಣನಿಗೆ ಐದು, ಕರ್ಣನಿಗೆ ಎರಡು, ಶಲ್ಯನಿಗೆ ಅರೆದಿನ ಎಂಬ ಲೆಕ್ಕವನ್ನು ಸಿದ್ದಾಪುರದ ಸಮೀಪದ ನಮ್ಮ ಹಳ್ಳಿಯಲ್ಲಿ ನಾನು ಮಗ್ಗಿಯ ಜೊತೆಗೇ ಕಲಿತೆ.

ಮುಂದೆ ಕನ್ನಡದ ವಿದ್ಯಾರ್ಥಿಯಾಗಿ ಪಂಪನನ್ನು ಓದಿದೆ. ಶಿರಸಿ ತಾಲ್ಲೂಕಿನ ಬನವಾಸಿಯನ್ನು ಮನಸಾರೆ ಹಾಡಿದ ಆ ಕವಿ ಸ್ವತಃ ಆಯುಧ ಹಿಡಿದವನು. ಆತನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಭೀಷ್ಮನಿಗೆ ಪಟ್ಟ ಕಟ್ಟುವ ಸಂದರ್ಭ ಬರುತ್ತದೆ. ಈ ಮುದುಕನಿಗೇಕೆ ಪಟ್ಟ ಎಂದು ಕರ್ಣ ಹಂಗಿಸುತ್ತಾನೆ. ಭೀಷ್ಮ ಸಿಡಿಮಿಡಿಗೊಳ್ಳುವುದಿಲ್ಲ. ಈ ಮಹಾಯುದ್ಧದಲ್ಲಿ ನಿನಗೂ ಸರದಿ ಬರುತ್ತದೆ ಎಂಬರ್ಥದ ಮಾತನ್ನಾಡಿ ಸುಮ್ಮನಾಗುತ್ತಾನೆ. ತರಗತಿಯಲ್ಲಿ ಆ ಪದ್ಯವನ್ನು ಪಾಠ ಮಾಡುವಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತಿದ್ದೆ. ಕೌರವರ ಪಾಳೆಯದ ಸರದಿ ಎಂಥದು? ಹಿಂದಿನವನು ಬಿದ್ದ ಮೇಲೆಯೇ ಮುಂದಿನವನಿಗೆ ಪಟ್ಟ. ಅಷ್ಟೇ ಅಲ್ಲ, ಭೀಷ್ಮನಿರುವ ತನಕ ಕರ್ಣನಂಥ ವೀರ ಬಿಲ್ಲು ಮುಟ್ಟದೆ ಕುಳಿತ. ಅಲ್ಲಿ ಪಟ್ಟವು ಸೇನೆಯದಾಗಿರಲಿಲ್ಲ, ವ್ಯಕ್ತಿಯದಾಗಿತ್ತು.

ಸ್ವತಂತ್ರ ಭಾರತದ ಭೂಸೇನೆಯ ನಾಯಕತ್ವ ಕೈಯಿಂದ ಕೈಗೆ ಸಾಗಿಬಂದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸ್ವಾತಂತ್ರ್ಯ ಬಂದಾಗಲೂ ನಮ್ಮ ಸೇನೆಯ ಮಹಾದಂಡನಾಯಕರು ಆಂಗ್ಲರೇ. ಮೊದಲು ಲಾಕ್‌ಹಾರ್ಟ್, ಬಳಿಕ ಬುಚರ್. 1949ರ ಜನವರಿ 15ರಂದು ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡ ಮೊದಲ ಭಾರತೀಯರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಆ ದಿನವೇ ಇಂದಿಗೂ ಸೇನಾ ದಿನ. ಮೊದಲ ನಾಲ್ವರು ಭಾರತೀಯ ದಂಡನಾಯಕರಲ್ಲಿ ಇಬ್ಬರು, ಕಾರ್ಯಪ್ಪನವರೂ ತಿಮ್ಮಯ್ಯನವರೂ, ಕೊಡಂದೇರ ಎಂಬ ಒಂದೇ ಮನೆತನದವರೆಂಬುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ.

ಆದರೆ ನನ್ನ ಹೆಮ್ಮೆ ಅವರು ಪಟ್ಟವೇರಿದ್ದಕ್ಕಿಂತ ಪಟ್ಟದಿಂದ ಇಳಿದ ಬಗೆಯಲ್ಲಿದೆ. ದೇಶವಿಭಜನೆಗೆ ಮೊದಲು ಒಂದೇ ಸೇನೆಯಲ್ಲಿದ್ದವರು ಕಾರ್ಯಪ್ಪ ಮತ್ತು ಅಯೂಬ್ ಖಾನ್. 1951ರಲ್ಲಿ ಅಯೂಬ್ ಪಾಕಿಸ್ತಾನದ ದಂಡನಾಯಕರಾದರು. 1958ರಲ್ಲಿ ದೇಶದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಕಾರ್ಯಪ್ಪನವರಾದರೋ ನಾಲ್ಕು ವರ್ಷ ಮುಗಿಸಿ, 1953ರಲ್ಲಿ ರಾಜೇಂದ್ರಸಿಂಹಜಿಯವರಿಗೆ ಅಧಿಕಾರ ಒಪ್ಪಿಸಿದರು. ರಾಯಭಾರಿಯಾಗಿ ಆಸ್ಟ್ರೇಲಿಯಕ್ಕೆ ಹೋಗಿಬಂದು ಮಡಿಕೇರಿಯ ಮನೆಯಲ್ಲಿ ನೆಲೆಸಿದರು. 1971ರಲ್ಲಿ ಲೋಕಸಭೆಗೆ ನಿಂತಾಗ ಎಲ್ಲರಂತೆ ಮತ ಕೇಳಿದರು, ಸೋತರು. ಒಂದೇ ಪಾಠಶಾಲೆಯ ಇಬ್ಬರ ದಾರಿ ಇಷ್ಟು ಬೇರೆಯಾದುದು ವ್ಯಕ್ತಿಗುಣದಿಂದ ಮಾತ್ರವಲ್ಲ. ನಮ್ಮ ಸಂವಿಧಾನ ಸೇನೆಗಳ ಸರ್ವೋಚ್ಚ ಅಧಿಪತ್ಯವನ್ನು ರಾಷ್ಟ್ರಪತಿಗೆ ಕೊಟ್ಟಿತು. 1955ರಲ್ಲಿ ‘ಮಹಾದಂಡನಾಯಕ’ ಎಂಬ ಹೆಸರೂ ಹೋಗಿ ‘ಭೂಸೇನೆಯ ಮುಖ್ಯಸ್ಥ’ ಎಂಬ ಸರಳ ಹೆಸರು ಬಂದಿತು.

ಈ ದಾರಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್‌ರೊಡನೆ ಮನಸ್ತಾಪವಾಗಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ನೆಹರೂ ಅವರ ಮಾತಿಗೆ ಓಗೊಟ್ಟು ಹಿಂತೆಗೆದುಕೊಂಡರು. ದಿಟ್ಟನಾದವನು ಹಿಂತೆಗೆದುಕೊಳ್ಳಬಾರದಿತ್ತೆಂದು ಹೇಳುವವರಿದ್ದಾರೆ. ನಾನು ಆ ವಾದಕ್ಕೆ ಇಳಿಯುವುದಿಲ್ಲ. ಅಷ್ಟು ಜನಪ್ರಿಯನಾದ ಸೇನಾನಿಯ ಅಸಮಾಧಾನ ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಮುಗಿಯಿತು, ಬೀದಿಗೆ ಸೈನ್ಯ ಬರಲಿಲ್ಲ ಎಂಬುದಷ್ಟೇ ನನಗೆ ಮುಖ್ಯ. 1961ರಲ್ಲಿ ಅವರು ಅವಧಿ ಮುಗಿಸಿ ಹೋದರು. 1962ರ ಸೋಲಿನ ಬಳಿಕ ಥಾಪರ್ ಸ್ಥಾನ ತೆರವು ಮಾಡಿದರು, ಚೌಧರಿ ಬಂದರು.

ಸೋತವನು ಇಳಿಯುವುದು ದೊಡ್ಡದಲ್ಲ, ಗೆದ್ದವನು ಇಳಿಯುವುದು ದೊಡ್ಡದು. 1971ರ ಡಿಸೆಂಬರ್ 16ರ ರಾತ್ರಿ ನಮ್ಮ ಹಳ್ಳಿಯಲ್ಲಿ ನೆರೆಮನೆಯ ರೇಡಿಯೋದ ಸುತ್ತ ಕುಳಿತಿದ್ದ ಬಾಲಕರಲ್ಲಿ ನಾನೂ ಒಬ್ಬ. ಮಾಣೆಕ್ ಷಾ ಎಂಬ ಹೆಸರು ನಮಗೆ ಅರ್ಜುನನ ಹೆಸರಿನಂತೆ ಕೇಳಿಸಿತ್ತು. ಹದಿಮೂರು ತಿಂಗಳು ಕಳೆಯುವುದರೊಳಗೆ, 1973ರ ಜನವರಿಯಲ್ಲಿ, ಆ ವಿಜಯಿ ಬೇವೂರರಿಗೆ ಅಧಿಕಾರ ಒಪ್ಪಿಸಿ ಹೊರಟರು.

ಕೆಲವು ವರ್ಷಗಳ ಹಿಂದೆ ಯಲ್ಲಾಪುರ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹದಿನೇಳು ವರ್ಷ ಸೇನೆಯಲ್ಲಿ ದುಡಿದು ಬಂದವನು ಮನೆಗೆ ಬಂದಿದ್ದ. “ತಮ್ಮಾ, ದೊಡ್ಡ ಸಾಹೇಬರು ಬದಲಾದ ದಿನ ನಿಮಗೆ ಹೇಗನ್ನಿಸುತ್ತಿತ್ತು?” ಎಂದು ಕೇಳಿದೆ. ಆತ ನಕ್ಕ. “ಸರ್, ನನ್ನ ಕಾಲದಲ್ಲಿ ಅವರು ಐದಾರು ಮಂದಿ ಬದಲಾದರು. ನಮ್ಮ ಬೆಳಗಿನ ಕವಾಯತಿನ ಹೊತ್ತು ಒಂದು ದಿನವೂ ಬದಲಾಗಲಿಲ್ಲ” ಎಂದ.

ಆ ಮಾತು ನನ್ನನ್ನು ಚುಚ್ಚಿತು. ಕಾರಣ ಹೇಳಿಬಿಡುತ್ತೇನೆ. ಆಗ ನಾನು ನಿವೃತ್ತನಾಗಿ ವರ್ಷವಾಗಿತ್ತು. ಆದರೂ ನನ್ನ ಬಳಿಕ ವಿಭಾಗದ ಹೊಣೆ ಹೊತ್ತವರಿಗೆ ದಿನ ಬಿಟ್ಟು ದಿನ ದೂರವಾಣಿ ಮಾಡಿ, ಪಂಪನನ್ನು ಹೀಗೆ ಪಾಠ ಮಾಡಿ, ರನ್ನನನ್ನು ಹಾಗೆ ಹೇಳಿ ಎನ್ನುತ್ತಿದ್ದೆ. ಶರಶಯ್ಯೆಯ ಭೀಷ್ಮನಾದರೂ ಧರ್ಮರಾಯ ಕೇಳಿದ ಮೇಲೆ ಉಪದೇಶಿಸಿದ. ನನ್ನದು ಯಾರೂ ಕೇಳದ ಉಪದೇಶ. ನಮ್ಮ ಊರುಗಳ ಸಂಘಗಳಲ್ಲಿ, ಸಭೆಗಳಲ್ಲಿ, ಮನೆಗಳಲ್ಲಿ ಕೂಡ ಹಿರಿಯರಾದ ನಾವು ಮಾಡುವುದು ಹೆಚ್ಚಾಗಿ ಇದನ್ನೇ ಅಲ್ಲವೆ? ಕುರ್ಚಿ ಬಿಟ್ಟರೂ ಅದರ ತೋಳನ್ನು ಬಿಡುವುದಿಲ್ಲ. ಕಿರಿಯರು ಕರ್ಣನಂತೆ ಬಿಲ್ಲು ಮುಟ್ಟದೆ ಕುಳಿತಿರುತ್ತಾರೆ.

ವಿಭಾಗದ ಪುಸ್ತಕದ ಕಪಾಟಿನ ಒಂದು ಕೀಲಿ ಇನ್ನೂ ನನ್ನ ಬಳಿಯೇ ಇತ್ತು. ಮರುವಾರ ಹೋಗಿ ಅದನ್ನು ಕೊಟ್ಟು ಬಂದೆ.

(ಆಕಾಶವಾಣಿಯ ಕೃಪೆಯಿಂದ)