ಪಟ್ಟಿ ತರಿಸುವುದು, ಪಟ್ಟಿ ಓದುವುದು



ಈ ಸಂಕಿರಣಕ್ಕೆ ಸಂಘಟಕರು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ತೀರ ಚಿಕ್ಕದು. ಕಮಾಂಡ್ ಲೈನ್ ಮುಂದೆ ಕೂತು, ಈ ಯಂತ್ರದಲ್ಲಿ ಈಗ ಏನೇನು ಓಡುತ್ತಿದೆ ಎಂದು ಕೇಳುವುದು. ಲಿನಕ್ಸ್ ಆದರೆ ಪಿಎಸ್ ಅಥವಾ ಟಾಪ್, ವಿಂಡೋಸ್ ಆದರೆ ಟಾಸ್ಕ್‌ಲಿಸ್ಟ್. ಎಂಟರ್ ಒತ್ತಿದರೆ ಪಟ್ಟಿ ಬಂತು. ಇದರ ಮೇಲೆ ಒಂದು ಸಂಕಿರಣ ಬೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ಬೇಕು ಎನ್ನುವುದು ನನ್ನ ಪಕ್ಷ. ಪಟ್ಟಿ ತರಿಸುವುದನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ, ಓದುವುದನ್ನು ಹೇಳಿಕೊಡುತ್ತಿಲ್ಲ. ತೆರೆಯ ಮೇಲೆ ಬರುವ ಪಟ್ಟಿ ಯಂತ್ರದ ಬಗ್ಗೆ ಯಾರೋ ಕೊಟ್ಟ ಒಂದು ಹೇಳಿಕೆ. ಹೇಳಿಕೆ ಎಂದಮೇಲೆ ಪಾಟೀ ಸವಾಲು ಹಾಕಲೇಬೇಕು: ಇದು ಯಾವ ಹೊತ್ತಿನದು? ಯಾವ ಜಾಗದಿಂದ ನೋಡಿದ್ದು? ಹೇಳಿದವರನ್ನು ಎಷ್ಟು ನಂಬಬಹುದು?

ಮೊದಲು ಈ ಹೇಳಿಕೆ ಹುಟ್ಟುವ ಬಗೆ ನೋಡೋಣ. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರ ಕೈಯಲ್ಲಿ ಶುರುವಾಯಿತು. ಪಿಎಸ್ 1970ರ ದಶಕದ ಮೊದಲ ವರ್ಷಗಳಲ್ಲೇ ಅದರೊಳಗೆ ಬಂತು. ಆಗಿನ ಪಿಎಸ್‌ಗೆ ಪಟ್ಟಿಯನ್ನು ಎತ್ತಿ ಕೊಡುವವರು ಯಾರೂ ಇರಲಿಲ್ಲ. ಅದು ಕರ್ನೆಲ್‌ನ ಮೆಮೊರಿಯನ್ನೇ ತೆರೆದು, ಪ್ರೋಸೆಸ್ ಟೇಬಲ್ ಎಲ್ಲಿದೆ ಎಂದು ಹುಡುಕಿ, ಬೈಟುಗಳನ್ನು ತಾನೇ ಬಿಡಿಸಿ ಓದಬೇಕಿತ್ತು. ಓಡುತ್ತಿರುವ ಕರ್ನೆಲ್ ಒಂದು, ಪಿಎಸ್ ಲೆಕ್ಕ ಹಾಕಿದ್ದು ಇನ್ನೊಂದು ಎಂದಾದರೆ ಬರುವ ಪಟ್ಟಿ ಬರೀ ಅಸಂಬದ್ಧ. ಸಾಲದ್ದಕ್ಕೆ, ಕರ್ನೆಲ್ ಮೆಮೊರಿ ಓದುವ ವಿಶೇಷ ಅಧಿಕಾರವನ್ನೂ ಈ ಸಣ್ಣ ಕಮಾಂಡಿಗೆ ಕೊಡಬೇಕಾಗಿತ್ತು.

1984ರಲ್ಲಿ ಬೆಲ್ ಲ್ಯಾಬ್ಸ್‌ನವರೇ ಆದ ಟಾಮ್ ಕಿಲಿಯನ್ ಪ್ರೋಸೆಸ್‌ಗಳನ್ನು ಫೈಲ್‌ಗಳ ಹಾಗೆ ತೋರಿಸುವ ದಾರಿಯನ್ನು ಪ್ರಬಂಧವಾಗಿ ಮಂಡಿಸಿದರು. ಲಿನಕ್ಸ್ ಅದನ್ನು ಇನ್ನಷ್ಟು ಬೆಳೆಸಿತು. ಇವತ್ತು ಪ್ರಾಕ್ ಎಂಬ ಡೈರೆಕ್ಟರಿಗೆ ಹೋದರೆ ಒಂದೊಂದು ಪ್ರೋಸೆಸ್‌ಗೂ ಅದರ ನಂಬರಿನ ಒಂದೊಂದು ಡೈರೆಕ್ಟರಿ. ಒಳಗೆ ಸ್ಟೇಟಸ್, ಕಮಾಂಡ್ ಲೈನ್, ತೆರೆದಿಟ್ಟ ಫೈಲುಗಳು ಎಲ್ಲ ಇವೆ. ಡಿಸ್ಕಿನ ಮೇಲೆ ಇವು ಯಾವುವೂ ಇಲ್ಲ. ನಾವು ಓದಲು ಹೋದ ಗಳಿಗೆಯಲ್ಲಿ ಕರ್ನೆಲ್ ಬರೆದು ಕೊಡುತ್ತದೆ. ಪಿಎಸ್ ಮಾಡುವುದಿಷ್ಟೆ: ಈ ಡೈರೆಕ್ಟರಿಗಳನ್ನು ಒಂದಾದ ಮೇಲೊಂದು ಓದಿ ಸಾಲಾಗಿ ಜೋಡಿಸುವುದು. ಹೀಗೆ ಓದುವಾಗ ಯಂತ್ರ ನಿಂತು ಕಾಯುವುದಿಲ್ಲ. ಮೊದಲ ಸಾಲು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕೆಲವು ಮುಗಿದಿರುತ್ತವೆ, ಕೆಲವು ಹುಟ್ಟಿರುತ್ತವೆ. ಪಟ್ಟಿಯಲ್ಲಿ ಕಂಡಷ್ಟೂ ಒಟ್ಟಿಗೆ ಇದ್ದ ಕ್ಷಣವೊಂದು ಇತ್ತು ಎಂದು ಹೇಳುವಂತಿಲ್ಲ.

ಇಲ್ಲಿಂದ ಮೊದಲ ಪ್ರಶ್ನೆಗೆ ಬರುತ್ತೇನೆ, ಯಾವ ಹೊತ್ತಿನದು? ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಿ. ಒಂದು ಪ್ರೋಗ್ರಾಂ ರಾತ್ರಿಯೆಲ್ಲ 10 ಗಂಟೆ ಸುಮ್ಮನೆ ಮಲಗಿರಲಿ. ಬೆಳಿಗ್ಗೆ ಎದ್ದು 6 ನಿಮಿಷ ಒಂದು ಸಿಪಿಯುವನ್ನು ಪೂರ್ತಿ ಹಿಡಿದುಕೊಳ್ಳಲಿ. ಆಗ ಟಾಪ್ ನೋಡಿದರೆ 100 ಪರ್ಸೆಂಟ್. ಪಿಎಸ್ ನೋಡಿದರೆ 1 ಪರ್ಸೆಂಟ್ ಆಸುಪಾಸು. ಎರಡೂ ಸರಿಯೇ. ಲಿನಕ್ಸ್‌ನ ಪಿಎಸ್ ಕೊಡುವುದು ಪ್ರೋಸೆಸ್ ಹುಟ್ಟಿದಾಗಿನಿಂದ ಈವರೆಗಿನ ಸರಾಸರಿ, ಅಂದರೆ 606 ನಿಮಿಷದಲ್ಲಿ 6 ನಿಮಿಷ. 1984ರಲ್ಲಿ ವಿಲಿಯಂ ಲಫೇವರ್ ಬರೆದ ಟಾಪ್ ಕೊಡುವುದು ಹೋದ ಸಲ ನೋಡಿದ ಮೇಲೆ ಈಚೆಗಿನ ಲೆಕ್ಕ. ಸರ್ವರ್ ಕುಂಟುತ್ತಿದೆ ಎಂದು ಫೋನ್ ಬಂದಾಗ ಪಿಎಸ್‌ನ ಆ ಕಾಲಂ ನೋಡಿ, ಎಲ್ಲ ಸರಿಯಾಗಿದೆಯಲ್ಲ ಎಂದವರನ್ನು ನೀವೂ ಕಂಡಿರುತ್ತೀರಿ. ಅವರು ಅಂಕಿಯನ್ನು ನೋಡಿದರು, ಅದರ ಹೊತ್ತನ್ನು ನೋಡಲಿಲ್ಲ.

ಪ್ರೋಸೆಸ್ ನಂಬರಿಗೂ ಹೊತ್ತಿದೆ. ಲಿನಕ್ಸ್‌ನಲ್ಲಿ ಬಹುಕಾಲ ಈ ನಂಬರುಗಳು 32768ರ ಮಿತಿಯೊಳಗೆ ಸುತ್ತುತ್ತಿದ್ದವು. ಈಗಿನ 64 ಬಿಟ್ ಯಂತ್ರಗಳಲ್ಲಿ ಮಿತಿಯನ್ನು 4194304ರವರೆಗೆ ಏರಿಸಬಹುದು. ಮಿತಿ ಎಷ್ಟೇ ಇರಲಿ, ಒಂದು ಸುತ್ತು ಮುಗಿದರೆ ಹಳೆಯ ನಂಬರ್ ಹೊಸಬರಿಗೆ ಹೋಗುತ್ತದೆ. ನಂಬರ್ ಬರೆದಿಟ್ಟುಕೊಂಡು, ಕಾಫಿ ಕುಡಿದು ಬಂದು ಕಿಲ್ ಹೊಡೆಯುವ ಅಭ್ಯಾಸವಿದ್ದವರು ಇದನ್ನು ನೆನಪಿಡಬೇಕು.

ಪಟ್ಟಿಯ ಸ್ಥಿತಿ ಸೂಚಕ ಅಕ್ಷರಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆರ್ ಎಂದರೆ ಓಟ, ಎಸ್ ಎಂದರೆ ನಿದ್ದೆ. ಕಷ್ಟವಿರುವುದು ಡಿ ಮತ್ತು ಜೆಡ್ ಅಕ್ಷರಗಳಲ್ಲಿ. ಡಿ ಎಂದರೆ ಡಿಸ್ಕ್‌ಗೋ ನೆಟ್‌ವರ್ಕ್ ಸ್ಟೋರೇಜ್‌ಗೋ ಕಾದು, ಎಬ್ಬಿಸಲಾಗದಂತೆ ಮಲಗಿರುವ ಪ್ರೋಸೆಸ್. 9ನೇ ನಂಬರಿನ ಸಿಗ್ನಲ್ ಕೊಟ್ಟರೂ ಅದು ಕದಲುವುದಿಲ್ಲ. ಲಿನಕ್ಸ್ ಇವನ್ನೂ ಲೋಡ್ ಆವರೇಜ್‌ಗೆ ಸೇರಿಸುವುದರಿಂದ ಸಿಪಿಯು ಖಾಲಿ ಕೂತಿದ್ದರೂ ಲೋಡ್ ಮಾತ್ರ ಏರುತ್ತಲೇ ಇರುತ್ತದೆ. ಜೆಡ್ ಎಂದರೆ ಜೋಂಬಿ. ಪಡಿತರ ಚೀಟಿಯಲ್ಲಿ ತೀರಿಹೋದವರ ಹೆಸರು ಉಳಿದಂತೆ ಇದು. ಮೆಮೊರಿ ಬಿಟ್ಟುಕೊಟ್ಟಾಗಿದೆ, ಕೆಲಸ ಮುಗಿದಿದೆ, ಆದರೆ ಹೇಗೆ ಮುಗಿಯಿತು ಎಂಬ ವರದಿಯನ್ನು ತಾಯಿ ಪ್ರೋಸೆಸ್ ಇನ್ನೂ ಕೇಳಿಲ್ಲ, ಹಾಗಾಗಿ ಹೆಸರು ಅಳಿಸಿಲ್ಲ. ಅದನ್ನು ಕೊಲ್ಲಲು ಹೋಗುವುದರಲ್ಲಿ ಅರ್ಥವಿಲ್ಲ, ತಿದ್ದಬೇಕಾದ್ದು ತಾಯಿಯನ್ನು. ಫೋರ್ಕ್, ವೇಟ್ ಪ್ರೋಗ್ರಾಂಗಳನ್ನು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬುಗಳಲ್ಲಿ ಬರೆಸುತ್ತೇವಲ್ಲ, ವೇಟ್ ಸಾಲನ್ನು ತೆಗೆಸಿ, ಪಕ್ಕದ ಟರ್ಮಿನಲ್‌ನಲ್ಲಿ ಪಟ್ಟಿ ತರಿಸಿ ತೋರಿಸಿದರೆ ಪಾಠ ಅಲ್ಲೇ ಮುಗಿಯುತ್ತದೆ.

ಎರಡನೆಯ ಪ್ರಶ್ನೆ, ಯಾವ ಜಾಗದಿಂದ ನೋಡಿದ್ದು? 2008ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಪಿಐಡಿ ನೇಮ್‌ಸ್ಪೇಸ್ ಸೇರಿತು, 2013ರಲ್ಲಿ ಡಾಕರ್ ಬಂತು. ಈಗ ಕಂಟೇನರ್ ಒಳಗೆ ಹೋಗಿ ಪಿಎಸ್ ಕೊಟ್ಟರೆ ಎರಡೋ ಮೂರೋ ಸಾಲು, ಅಲ್ಲಿನ ಅಪ್ಲಿಕೇಶನ್ನೇ 1ನೇ ನಂಬರ್. ಹೊರಗಿನ ಹೋಸ್ಟ್‌ನಿಂದ ನೋಡಿದರೆ ಅದೇ ಪ್ರೋಸೆಸ್ ನೂರಾರು ಸಾಲುಗಳ ನಡುವೆ ಬೇರೊಂದು ನಂಬರಿನಲ್ಲಿ ನಿಂತಿರುತ್ತದೆ. 1ನೇ ನಂಬರಿಗೆ ಅನಾಥ ಪ್ರೋಸೆಸ್‌ಗಳನ್ನು ಸಾಕುವ ಹೊಣೆಯೂ ಇದೆ. ಆ ಹೊಣೆ ತನ್ನದೆಂದು ಗೊತ್ತೇ ಇಲ್ಲದ ಅಪ್ಲಿಕೇಶನ್ ಆ ಜಾಗದಲ್ಲಿ ಕೂತರೆ ಕಂಟೇನರ್ ತುಂಬ ಜೋಂಬಿಗಳು.

ಮೆಮೊರಿ ಕಾಲಂ ಕೂಡ ಹೀಗೆಯೇ. ಒಂದು ವೆಬ್ ಸರ್ವರ್‌ನ 20 ವರ್ಕರ್‌ಗಳು ತಲಾ 200 ಎಂಬಿ ಎಂದು ಪಟ್ಟಿಯಲ್ಲಿ ಕಂಡರೆ ಕೂಡಿಸಿ 4000 ಎಂಬಿ ಎನ್ನುತ್ತೇವೆ. ಆ 200ರಲ್ಲಿ 150 ಎಂಬಿ ಎಲ್ಲರೂ ಹಂಚಿಕೊಂಡದ್ದಾದರೆ ನಿಜವಾಗಿ ಹಿಡಿದಿರುವುದು 1150 ಎಂಬಿ ಮಾತ್ರ. ಈ ಲೆಕ್ಕ ಗೊತ್ತಿಲ್ಲದೆ ಹೊಸ ರ್‍ಯಾಮ್‌ಗೆ ಇಂಡೆಂಟ್ ಹಾಕುವುದು ಸುಲಭ. ವಿಂಡೋಸ್‌ನಲ್ಲೂ ಎಸ್‌ವಿಸಿಹೋಸ್ಟ್ ಎಂಬ ಒಂದೇ ಹೆಸರು ಹತ್ತಾರು ಸಲ ಬರುತ್ತದೆ. ಯಾವುದರೊಳಗೆ ಯಾವ ಸರ್ವೀಸ್ ಎಂದು ತಿಳಿಯಲು ಟಾಸ್ಕ್‌ಲಿಸ್ಟ್‌ಗೆ ಅದನ್ನು ಬಿಡಿಸಿ ಹೇಳುವ ಆಪ್ಷನ್ ಕೊಡಬೇಕು.

ನಾವು ನೋಡುವಂತೆ ಬೇರೆಯವರೂ ನೋಡುತ್ತಾರೆ. ಕಮಾಂಡ್ ಲೈನ್‌ನಲ್ಲೇ ಪಾಸ್‌ವರ್ಡ್ ಟೈಪ್ ಮಾಡಿದರೆ, ಆ ಪ್ರೋಸೆಸ್ ಓಡುವಷ್ಟು ಹೊತ್ತೂ ಅದು ಆ ಯಂತ್ರದ ಉಳಿದ ಬಳಕೆದಾರರ ಕಣ್ಣಿಗೆ ಬೀಳಬಹುದು. ಒಬ್ಬರ ಪ್ರೋಸೆಸ್ ಇನ್ನೊಬ್ಬರಿಗೆ ಕಾಣದಂತೆ ಮರೆಮಾಡುವ ಸೌಲಭ್ಯ ಲಿನಕ್ಸ್‌ನಲ್ಲಿ 2012ರಿಂದ ಇದೆ. ಹಲವರು ಒಂದೇ ಸರ್ವರ್ ಬಳಸುವ ಕಾಲೇಜು ಲ್ಯಾಬುಗಳಲ್ಲಿ ಅದನ್ನು ಹಾಕಿದ್ದೀರಾ, ನೋಡಿಕೊಳ್ಳಿ.

ಮೂರನೆಯ ಪ್ರಶ್ನೆ ನಂಬಿಕೆಯದು. ಇದಕ್ಕೆ ಒಳ್ಳೆಯ ಪಾಠ 1986ರ ಒಂದು ಪ್ರಕರಣ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟ್‌ಗಳ ವ್ಯತ್ಯಾಸ ಕಂಡು ಬೆನ್ನು ಹತ್ತಿದರು. ಹೊರಗಿನವನೊಬ್ಬ ಒಳನುಗ್ಗಿದ್ದ. ಬಂದವನ ಚಾಳಿಯೆಂದರೆ, ತನ್ನನ್ನು ಯಾರಾದರೂ ಗಮನಿಸುತ್ತಿದ್ದಾರೆಯೇ ಎಂದು ಪ್ರೋಸೆಸ್ ಪಟ್ಟಿ ತರಿಸಿ ನೋಡುವುದು. ಅವನು ಪಿಎಸ್ ಜೊತೆಗೆ ಒತ್ತಿದ ಅಕ್ಷರಗಳಲ್ಲಿ ಎಫ್ ಕೂಡ ಇತ್ತು. ಬರ್ಕ್ಲಿ ಯುನಿಕ್ಸ್‌ನಲ್ಲಿ ಪಳಗಿದವರು ಅದನ್ನು ಒತ್ತುವುದಿಲ್ಲ, ಅದು ಎಟಿ ಅಂಡ್ ಟಿ ಯುನಿಕ್ಸ್‌ನವರ ರೂಢಿ. ಇವನು ನಮ್ಮ ಊರಿನವನಲ್ಲ ಎಂದು ಸ್ಟಾಲ್ ಅವರ ಸಹೋದ್ಯೋಗಿ ಆ ಒಂದು ಅಕ್ಷರದಿಂದ ಊಹಿಸಿದರು. ಜಾಡು ಕೊನೆಗೆ ಮುಟ್ಟಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ. ಸ್ಟಾಲ್ ಅವನನ್ನು ಕಾದ ಬಗೆ ಇನ್ನೂ ಮುಖ್ಯ. ಅದೇ ಯಂತ್ರದಲ್ಲಿ ನಿಗಾ ಪ್ರೋಗ್ರಾಂ ಹಾಕಿದ್ದರೆ ಅದು ಪಟ್ಟಿಯಲ್ಲಿ ಬಂದುಬಿಡುತ್ತಿತ್ತು. ಆದ್ದರಿಂದ ಒಳಬರುವ ಫೋನ್ ಲೈನುಗಳಿಗೇ ಪ್ರಿಂಟರುಗಳನ್ನು ಜೋಡಿಸಿ, ಅವನು ಒತ್ತಿದ್ದೆಲ್ಲ ಕಾಗದದ ಮೇಲೆ ಬೀಳುವಂತೆ ಮಾಡಿದರು.

ಆ ಕಳ್ಳ ಪಟ್ಟಿಯನ್ನು ಪೂರ್ತಿ ನಂಬಿದ, ಸಿಕ್ಕಿಬಿದ್ದ. ಇವತ್ತು ಸರದಿ ನಮ್ಮದು. ನುಗ್ಗಿದವರು ಪಿಎಸ್ ಫೈಲನ್ನೇ ಬದಲಿಸಿ ತಮ್ಮ ಸಾಲುಗಳನ್ನು ಮರೆಸುವುದುಂಟು. ಇನ್ನೂ ಗಟ್ಟಿಗರು ಕರ್ನೆಲ್‌ನೊಳಗೇ ಸೇರಿ ಪ್ರಾಕ್ ಡೈರೆಕ್ಟರಿಯಿಂದಲೇ ಮಾಯವಾಗುತ್ತಾರೆ. ಬೆಂಗಳೂರಿನಲ್ಲಿ ಕೂತು ಬೇರೆ ದೇಶದ ಸರ್ವರ್ ಕಾಯುವವರಿಗೆ ಆ ಯಂತ್ರ ಕಣ್ಣಿಗೆ ಬೀಳುವುದೇ ಇಲ್ಲ, ಅವರ ಕೈಯಲ್ಲಿರುವುದು ಪಟ್ಟಿಯೊಂದೇ. ಅನುಮಾನ ಬಂದಾಗ ಅದೇ ಯಂತ್ರವನ್ನು ಮತ್ತೆ ಮತ್ತೆ ಕೇಳಿ ಫಲವಿಲ್ಲ. ನೆಟ್‌ವರ್ಕ್ ದಾಖಲೆ, ಹೋಸ್ಟ್‌ನ ಲೆಕ್ಕ, ಬೇರೆಡೆ ಇಟ್ಟ ಲಾಗ್, ಹೀಗೆ ಹೊರಗಿನ ಸಾಕ್ಷಿಯ ಜೊತೆ ಹೇಳಿಕೆಯನ್ನು ತಾಳೆ ನೋಡಬೇಕು.

ಹಾಗಾದರೆ ಈ ಸಂಕಿರಣದಿಂದ ನಾನು ಬಯಸುವುದೇನು? ಮಂಡಿಸುವ ಪ್ರಬಂಧಗಳು ಆಪ್ಷನ್‌ಗಳ ಪಟ್ಟಿಯಾಗದಿರಲಿ. ಅವೆಲ್ಲ ಮ್ಯಾನ್ ಪೇಜಿನಲ್ಲಿವೆ. ಕಂಟೇನರ್ ಗೋಷ್ಠಿ ಒಳಗಿನ ಮತ್ತು ಹೊರಗಿನ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲಿ. ಭದ್ರತೆಯ ಗೋಷ್ಠಿ, ಪಿಎಸ್ ಸುಳ್ಳು ಹೇಳುತ್ತಿದ್ದರೆ ಹಿಡಿಯುವುದು ಹೇಗೆ ಎಂದು ಚರ್ಚಿಸಲಿ. ಅಧ್ಯಾಪಕರು ಕೂತು ಲ್ಯಾಬ್ ಮ್ಯಾನ್ಯುಯಲ್‌ಗೆ ಒಂದೇ ಒಂದು ಪುಟ ಸೇರಿಸಲಿ: ಪಿಎಸ್‌ನ ನಿಜವಾದ ಒಂದು ಔಟ್‌ಪುಟ್, ಅದರ ಕೆಳಗೆ ಹೊತ್ತು, ಜಾಗ, ನಂಬಿಕೆ ಎಂಬ ಮೂರು ಪ್ರಶ್ನೆ. ವೈವಾದಲ್ಲಿ ಆಪ್ಷನ್ ಕೇಳುವುದನ್ನು ಬಿಟ್ಟು, ಒಂದು ಸಾಲನ್ನು ತೋರಿಸಿ, ಇದರಿಂದ ಏನು ಹೇಳಬಹುದು, ಏನು ಹೇಳಬಾರದು ಎಂದು ಕೇಳೋಣ. ಅದಕ್ಕೆ ಉತ್ತರ ಕೊಡಬಲ್ಲ ವಿದ್ಯಾರ್ಥಿಗೆ ನಾಳೆ ಕಮಾಂಡ್‌ಗಳು ಬದಲಾದರೂ ಅಡ್ಡಿಯಾಗದು.

ಲ್ಯಾಬ್ ಮ್ಯಾನ್ಯುಯಲ್‌ನ ಆ ಪುಟದ ಕರಡು ಸಂಕಿರಣ ಮುಗಿಯುವುದರೊಳಗೆ ಸಿದ್ಧವಾಗಲಿ ಎಂಬುದು ನನ್ನ ಆಶಯ.