ಡೇಟಾ ಮಿತಿ ಯಾರಿಗೆ ತಟ್ಟುತ್ತದೆ?

(ಟ್ರಸ್ಟ್‌ನ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)





ಕಾಲೇಜು ಶುಲ್ಕದ ಜೊತೆಗೆ ಮೊಬೈಲ್ ರೀಚಾರ್ಜ್‌ಗೂ ನೆರವು ಕೊಡೋಣವೆಂದು ನಮ್ಮ ಸಮಿತಿ ಹೇಳಿದಾಗ, ಕೆಲವು ದಾನಿಗಳು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. "ಈಗ ದಿನಕ್ಕೆ ಒಂದೂವರೆ ಜಿಬಿ ಸಿಗುತ್ತದೆ. ನಮಗೇ ಅದು ಮುಗಿಯುವುದಿಲ್ಲ. ಮಕ್ಕಳಿಗೆ ಸಾಲದೇ? ನಮ್ಮ ಸದಕಾದ ಹಣ ರೀಲ್ಸ್ ನೋಡಲು ಹೋಗಬೇಕೇ?" ಈ ಪ್ರಶ್ನೆಗೆ ಲೆಕ್ಕಸಮೇತ ಉತ್ತರ ಕೊಡುವುದು ನಮ್ಮ ಹೊಣೆ. ದಾನದ ಹಣ ಅಮಾನತ್.

ದಾನಿಗಳ ಮಾತಿನಲ್ಲಿ ಸತ್ಯವಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬರುವ ಮುನ್ನ ನಮ್ಮಲ್ಲಿ ಅನೇಕರು ಒಂದು ಜಿಬಿಯನ್ನು ಇಡೀ ತಿಂಗಳು ಜೋಪಾನವಾಗಿ ಬಳಸುತ್ತಿದ್ದೆವು. ಈಗ ಅದಕ್ಕಿಂತ ಹೆಚ್ಚು ಒಂದೇ ದಿನಕ್ಕೆ ಸಿಗುತ್ತದೆ. ಕೈಯಲ್ಲಿ ಸ್ವಂತ ಫೋನ್, ಮನೆಯಲ್ಲೋ ಅಂಗಡಿಯಲ್ಲೋ ವೈಫೈ ಇರುವವರಿಗೆ ವಾಟ್ಸಾಪ್, ಸುದ್ದಿ, ಹಣ ಪಾವತಿ ಇಷ್ಟಕ್ಕೆ ಒಂದೂವರೆ ಜಿಬಿ ಧಾರಾಳ. ಅವರಿಗೆ ಮಿತಿ ಇದ್ದರೂ ಇಲ್ಲದಂತೆಯೇ.

ಆದರೆ ನಮ್ಮಲ್ಲಿಗೆ ಅರ್ಜಿ ಹಾಕುವ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ. ತಂದೆ ಆಟೋ ಓಡಿಸುವವರಾದರೆ ಹಗಲೆಲ್ಲ ಅದು ಅವರ ಜೇಬಿನಲ್ಲಿ. ಇಶಾ ನಮಾಝಿನ ಬಳಿಕ ಅವರು ಮನೆಗೆ ಬಂದ ಮೇಲೆ ಮಕ್ಕಳ ಸರದಿ. ಒಂದು ಗಂಟೆಯ ವೀಡಿಯೊ ಪಾಠಕ್ಕೆ 720ಪಿ ಗುಣಮಟ್ಟದಲ್ಲಿ ಸುಮಾರು ಒಂದು ಜಿಬಿ ಬೇಕಾಗಬಹುದು. ಅಕ್ಕನ ಪಾಠ ಮುಗಿದು ತಮ್ಮ ಕೂರುವಷ್ಟರಲ್ಲಿ ದಿನದ ಪಾಲು ಖಾಲಿ. ಆಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಎರಡು ಎಂಬಿಯ ಪ್ರಶ್ನೆಪತ್ರಿಕೆ ಇಳಿಸಲು ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ವೀಡಿಯೊ ಅಂತೂ ಓಡುವುದೇ ಇಲ್ಲ. ನಿನ್ನೆ ಉಳಿದದ್ದು ಇಂದಿಗೆ ಸೇರುವುದೂ ಇಲ್ಲ.

ಇದಕ್ಕಿಂತ ದೊಡ್ಡ ಮಿತಿ ಜಿಬಿಯದ್ದಲ್ಲ, ದಿನಗಳದ್ದು. ನಾವು ತಿಂಗಳ ಪ್ಯಾಕ್ ಎನ್ನುವುದು ಹೆಚ್ಚಾಗಿ 28 ದಿನಗಳದ್ದು. ಹಾಗಾಗಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 239ರಿಂದ 299 ರೂಪಾಯಿಗೆ ಹೋಯಿತು. ಅಷ್ಟೇ ಡೇಟಾದ 84 ದಿನದ ಪ್ಯಾಕ್ 799 ರೂಪಾಯಿ ಆಯಿತು. ಮೂರು ಸಲ 299 ಕೊಟ್ಟರೆ 897. ಅಂದರೆ ಒಟ್ಟಿಗೆ 799 ಹೊಂದಿಸಲಾಗದ ಮನೆಯವರು ಅದೇ ಸೌಲಭ್ಯಕ್ಕೆ 98 ರೂಪಾಯಿ ಹೆಚ್ಚು ತೆರುತ್ತಾರೆ. ಬೀಡಿ ಕಟ್ಟಿ ವಾರದ ಬಟವಾಡೆಯಲ್ಲಿ ಮನೆ ನಡೆಸುವ ತಾಯಿಗೆ ಅದು ಸಣ್ಣ ಮೊತ್ತವಲ್ಲ.

ಪ್ಯಾಕ್ ಮುಗಿದು ರೀಚಾರ್ಜ್ ಆಗದಿದ್ದರೆ ಕೆಲವು ದಿನಗಳಲ್ಲಿ ಒಳಬರುವ ಕರೆ, ಎಸ್‌ಎಂಎಸ್‌ಗಳೂ ನಿಲ್ಲುತ್ತವೆ. ಎಸ್‌ಎಂಎಸ್ ಇಲ್ಲದಿದ್ದರೆ ಒಟಿಪಿ ಇಲ್ಲ. ರಾಜ್ಯದ ಎಸ್‌ಎಸ್‌ಪಿ ಇರಲಿ, ಕೇಂದ್ರದ ಎನ್‌ಎಸ್‌ಪಿ ಇರಲಿ, ನೋಂದಾಯಿಸಿದ ಸಂಖ್ಯೆ ಸತ್ತಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸಾವಿರಾರು ರೂಪಾಯಿಯ ಸರಕಾರಿ ನೆರವು 299 ರೂಪಾಯಿಗಾಗಿ ಕೈತಪ್ಪಬಾರದು. 90 ದಿನ ಬಳಕೆಯೇ ಇಲ್ಲದಿದ್ದರೆ ಸಂಖ್ಯೆಯೇ ರದ್ದಾಗಿ ಬೇರೆಯವರ ಪಾಲಾಗಬಹುದು.

ಆದ್ದರಿಂದ ಸಮಿತಿ ಹೀಗೆ ತೀರ್ಮಾನಿಸಿದೆ. ಎಲ್ಲರಿಗೂ ರೀಚಾರ್ಜ್ ಕೊಡುವುದಿಲ್ಲ. ಒಂದೇ ಫೋನನ್ನು ಇಬ್ಬರು ಅಥವಾ ಹೆಚ್ಚು ವಿದ್ಯಾರ್ಥಿಗಳು ಹಂಚಿಕೊಳ್ಳುವ, ವೈಫೈ ಇಲ್ಲದ ಮನೆಗೆ ಪರೀಕ್ಷೆಯ ಅವಧಿಗೆ 84 ದಿನದ ಒಂದು ಪ್ಯಾಕ್ ಹಾಕಿಸುತ್ತೇವೆ. ಇದಕ್ಕೆ ಸದಕಾ ನಿಧಿಯ ಹಣ ಮಾತ್ರ. ಝಕಾತ್ ಹಣ ಎಂದಿನಂತೆ ಅರ್ಹ ವಿದ್ಯಾರ್ಥಿಗಳ ಕೈಗೇ ಸೇರುತ್ತದೆ. ಎರಡರ ಲೆಕ್ಕವೂ ಪ್ರತ್ಯೇಕವಾಗಿರುತ್ತದೆ.

ಹೆತ್ತವರಲ್ಲಿ ಕೆಲವು ವಿನಂತಿಗಳಿವೆ. ಅರ್ಜಿಯಲ್ಲಿ ಫೋನ್ ಯಾರದು, ಎಷ್ಟು ಮಕ್ಕಳು ಬಳಸುತ್ತಾರೆ ಎಂದು ತಪ್ಪದೆ ಬರೆಯಿರಿ. ಆಧಾರ್‌ಗೆ ಜೋಡಿಸಿದ ಸಂಖ್ಯೆ ಕೀಪ್ಯಾಡ್ ಫೋನಿನಲ್ಲಿದ್ದರೆ ಅದಕ್ಕೆ ಡೇಟಾ ಪ್ಯಾಕ್ ಬೇಕಿಲ್ಲ. ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಮಾಡಿದ ನಿಯಮದಂತೆ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರವೇ ಇರುವ ಪ್ಯಾಕ್‌ಗಳು ಬಂದಿವೆ. ಅಂಗಡಿಯಲ್ಲಿ ಕೇಳಿ ಪಡೆಯಿರಿ.

ವಿದ್ಯಾರ್ಥಿಗಳೇ, ಇಸ್ರಾಫ್ ಎಂಬುದು ನೀರು, ಅನ್ನಕ್ಕಷ್ಟೇ ಸೀಮಿತವಲ್ಲ. ವಾಟ್ಸಾಪ್‌ನಲ್ಲಿ ಫೋಟೊ, ವೀಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಪಾಠವನ್ನು 360ಪಿಯಲ್ಲಿ ನೋಡಿ. ಬೋರ್ಡಿನ ಅಕ್ಷರ ಸಾಮಾನ್ಯವಾಗಿ ಅದರಲ್ಲೂ ಕಾಣುತ್ತದೆ, ಡೇಟಾ ಅರ್ಧಕ್ಕಿಂತ ಕಡಿಮೆ ಸಾಕು. ಕಾಲೇಜಿನಲ್ಲಿ ವೈಫೈ ಇದ್ದರೆ ಬೇಕಾದ ಪಾಠವನ್ನು ಅಲ್ಲೇ ಇಳಿಸಿಕೊಂಡು ಬನ್ನಿ. ನಿಮ್ಮ ಸರದಿ ಮುಗಿದಾಗ ತಮ್ಮನಿಗೂ ತಂಗಿಗೂ ಪಾಲು ಉಳಿದಿರಲಿ.

ದಾನಿಗಳೇ, ನಿಮಗೆ ಮುಗಿಯದ ಆ ಒಂದೂವರೆ ಜಿಬಿ ಇನ್ನೊಂದು ಮನೆಯಲ್ಲಿ ಮೂವರಿಗೆ ಹಂಚಿಕೆಯಾಗುತ್ತಿದೆ. ನಿಮ್ಮ ಪ್ರಶ್ನೆಯಿಂದಾಗಿ ನಮ್ಮ ಪ್ರಸ್ತಾಪ ಬಿಗಿಯಾಯಿತು, ಖರ್ಚೂ ತಗ್ಗಿತು. ಮುಂದೆಯೂ ಹೀಗೆಯೇ ಕೇಳುತ್ತಿರಿ.

ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ಈ ಮಕ್ಕಳ ಜ್ಞಾನದಲ್ಲಿ ಬರಕತ್ ನೀಡಲಿ. ಆಮೀನ್.